ಬಾಣಂತಿ ನೋಡೋಕೆ ಹೋದವರಲ್ಲಿ ಲೋಟ ತೊಳೆದವರು ಯಾರು?

ಮೈಯೆಲ್ಲ ಉರಿಯುತ್ತಿದೆ. ಬರೆಯದಿದ್ದರೆ ರಾತ್ರಿ ನಿದ್ದೆ ಬರಲ್ಲ. ಉದ್ದ ಆಯ್ತು ಅನ್ನುವವರು ಇಲ್ಲಿಂದಲೇ ಮುಂದಕ್ಕೆ ಹೋಗಬಹುದು, ನನಗೇನೂ ಬೇಜಾರಿಲ್ಲ.

ಇವತ್ತು ಮಧ್ಯಾಹ್ನ ದೂರದ ಸಂಬಂಧಿಕರ ಮನೆಗೆ ಬಾಣಂತಿ ನೋಡಲು ಹೋಗಿದ್ದೆ. ಹುಡುಗಿಗೆ ಮೊದಲ ಹೆರಿಗೆ. ಸಿಸೇರಿಯನ್. ಮಗುವಿಗೆ ಇನ್ನೂ ಮೂರು ವಾರ ತುಂಬಿಲ್ಲ. ಹಾಲ್‌ನಲ್ಲಿ ಏಳೆಂಟು ಜನ ಹೆಂಗಸರು, ಎಲ್ಲರೂ ಒಂದೋ ಎರಡೋ ಹೆತ್ತವರೇ. ಹುಡುಗಿಯ ಅಮ್ಮ ಅಡುಗೆಮನೆಯಲ್ಲಿ ಮಂಡಿನೋವು ಇಟ್ಟುಕೊಂಡು ಇನ್ನೊಂದು ಸುತ್ತು ಕಾಫಿ ಬೆರೆಸುತ್ತಿದ್ದರು. ಹುಡುಗಿ ತಲೆಗೆ ಸ್ಕಾರ್ಫ್ ಬಿಗಿದು, ಕಿವಿಗೆ ಹತ್ತಿ ಇಟ್ಟುಕೊಂಡು, ಹೊಲಿಗೆ ಬಿದ್ದ ಹೊಟ್ಟೆ ಹಿಡಿದುಕೊಂಡು ಸೋಫಾದ ತುದಿಯಲ್ಲಿ ಕೂತಿದ್ದಳು. ಒಳಗೆ ಹೋಗಿ ಮಲಗುವ ಹಾಗಿಲ್ಲ. ಬಂದವರು ಏನಂದುಕೊಳ್ಳುತ್ತಾರೆ!

ಬಂದವರು ಏನೆಂದರು ಕೇಳಿ.

‘ನಾರ್ಮಲ್ ಆಗ್ಲಿಲ್ವಾ? ಈಗಿನ ಡಾಕ್ಟರುಗಳು ಕಾಯೋದೇ ಇಲ್ಲ ಬಿಡು.’

‘ಹಾಲು ಸಾಲ್ತಿಲ್ಲ ಅನ್ಸುತ್ತೆ, ನೋಡು ಹೇಗೆ ಚೀರ್ತಿದೆ. ಡಬ್ಬಿ ಹಾಲು ಶುರು ಮಾಡು.’

‘ಡಬ್ಬಿ ಹಾಲಾ? ಅಯ್ಯೋ ರಾಮ. ನಾನು ಎರಡು ವರ್ಷ ನನ್ನ ಹಾಲೇ ಕುಡಿಸಿದ್ದಪ್ಪ.’

‘ನಾಲಿಗೆಗೆ ಒಂಚೂರು ಜೇನುತುಪ್ಪ ಸವರು.’

‘ಫ್ಯಾನ್ ಆಫ್ ಮಾಡಮ್ಮ, ಶೀತ ಆಗುತ್ತೆ.’ ‘ಕೂಸಿಗೆ ಸೆಖೆ, ಫ್ಯಾನ್ ಹಾಕು.’ ಇವೆರಡೂ ಒಂದೇ ಸೋಫಾದಿಂದ ಬಂದವು.

ಹುಡುಗಿಯ ಕಣ್ಣು ತುಂಬಿ ಬಂತು. ತಕ್ಷಣ ಇನ್ನೊಬ್ಬರು, ‘ಬಾಣಂತಿ ಅಳಬಾರದು, ಹಾಲು ಬತ್ತುತ್ತೆ’ ಅಂದರು. ಅಳೋದಕ್ಕೂ ರೂಲ್ಸು.

ಇಷ್ಟು ಹೊತ್ತಲ್ಲಿ ಒಬ್ಬರಾದರೂ ಎದ್ದು, ‘ಮಗು ಇಲ್ಲಿ ಕೊಡು, ನೀನು ಹೋಗಿ ಒಂದು ಗಂಟೆ ಮಲಗು’ ಅಂದರಾ? ಇಲ್ಲ. ಸಿಂಕ್ ತುಂಬ ಲೋಟ. ಬಚ್ಚಲಲ್ಲಿ ಒಂದು ಬಕೆಟ್ ನೆನೆಸಿಟ್ಟ ಬಟ್ಟೆ. ಲೋಟ ನಾನು ತೊಳೆದೆ. ಅದಕ್ಕೆ ಮೆಡಲ್ ಬೇಕಿಲ್ಲ. ಸಿಟ್ಟು ಬಂದಾಗ ನಾನು ಪಾತ್ರೆ ತೊಳೆಯುತ್ತೇನೆ ಅಂತ ನಿಮಗೆಲ್ಲ ಗೊತ್ತೇ ಇದೆ.

ನನ್ನ ತಕರಾರು ಇಷ್ಟೇ. ನಾವು ಬಾಣಂತನದ ನಿಯಮಗಳನ್ನೆಲ್ಲ ಜೋಪಾನವಾಗಿ ಉಳಿಸಿಕೊಂಡೆವು, ಅದರ ಕೆಲಸವನ್ನು ಮಾತ್ರ ಕೈಬಿಟ್ಟೆವು. ನಮ್ಮ ಅಜ್ಜಿ ಕಾಲದಲ್ಲಿ ‘ಬಾಣಂತಿ ತಣ್ಣೀರು ಮುಟ್ಟಬಾರದು’ ಅಂದವಳೇ ಬೆಳಿಗ್ಗೆ ನಾಲ್ಕಕ್ಕೆದ್ದು ಹಂಡೆಗೆ ಉರಿ ಹಾಕುತ್ತಿದ್ದಳು. ‘ಮೈಗೆ ಎಣ್ಣೆ ಬೀಳಬೇಕು’ ಅಂದವಳೇ ಸೀರೆ ಎತ್ತಿಕಟ್ಟಿ ಸೊಂಟ ತಿಕ್ಕುತ್ತಿದ್ದಳು. ಮಣೆ ಮೇಲೆ ಕೂತು, ಕಾಲು ನೀಡಿ, ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು ನೀರು ಹಾಕುತ್ತಿದ್ದಳು. ಮೆಣಸಿನ ಸಾರು ತಿನ್ನು ಅಂದವಳೇ ಸಾರು ಮಾಡಿ ಕಲಸಿ ಕೊಡುತ್ತಿದ್ದಳು. ಅವರ ಎಲ್ಲ ನಿಯಮ ಸರಿ ಇತ್ತು ಅಂತ ನಾನು ಹೇಳುತ್ತಿಲ್ಲ. ಬಾಣಂತಿಗೆ ನೀರನ್ನೇ ಕಡಿಮೆ ಕುಡಿಸುವಂಥ ತಲೆಕೆಟ್ಟ ಪದ್ಧತಿಯೂ ಇತ್ತು. ಆದರೆ ಹೇಳುವ ಬಾಯಿಯ ಜೊತೆ ಮಾಡುವ ಕೈ ಇತ್ತು. ಈಗ ಬರೀ ಬಾಯಿ ಬರುತ್ತದೆ, ಜೊತೆಗೆ ಒಂದು ಡಜನ್ ಬಾಳೆಹಣ್ಣು ಮತ್ತು ಜಾನ್ಸನ್ ಗಿಫ್ಟ್ ಬಾಕ್ಸ್.

ನನ್ನ ಕತೆ ಹೇಳದೆ ಇದು ಪೂರ್ತಿ ಆಗಲ್ಲ. ನಾನು ಹೆರುವ ಹೊತ್ತಿಗೆ ಅಮ್ಮ ಇರಲಿಲ್ಲ, ಅದು ನಿಮಗೆ ಗೊತ್ತು. ನಾನು ಕೆಲಸ ಮಾಡುವ ಬ್ಯಾಂಕಿನವರು ಹುಬ್ಬಳ್ಳಿಗೆ ಹಾಕಿದ್ದರು, ಅದೂ ಗೊತ್ತು. ಗೊತ್ತಿಲ್ಲದ್ದು ಏನೆಂದರೆ, ಮಗ ಹುಟ್ಟಿದಾಗ ನನಗೆ ಖುಷಿ ಆಗಲಿಲ್ಲ. ಇಷ್ಟು ವರ್ಷ ಯಾರಿಗೂ ಹೇಳಿರಲಿಲ್ಲ, ಇವತ್ತು ಹೇಳುತ್ತಿದ್ದೇನೆ. ಎಲ್ಲರೂ ‘ರಾಜಕುಮಾರ ಬಂದ’ ಅನ್ನುತ್ತಿದ್ದರು. ನನಗೆ ಮಾತ್ರ ಯಾರದೋ ಮಗುವನ್ನು ನನ್ನ ಪಕ್ಕ ಮಲಗಿಸಿ ಹೋಗಿದ್ದಾರೆ ಅನಿಸುತ್ತಿತ್ತು. ಸಂಜೆ ಆದರೆ ಸಾಕು, ಅಳು. ನನ್ನ ಗಂಡ ಒಳ್ಳೆಯವರೇ, ಪಾಪ ಅವರಿಗೂ ಏನು ಮಾಡಬೇಕು ಅಂತ ತಿಳಿಯದೆ ಫೋನಿನಲ್ಲಿ ಅವರ ಅಕ್ಕನನ್ನು ಕೇಳುತ್ತಿದ್ದರು. ಆ ಅಕ್ಕ, ‘ಎಲ್ಲರೂ ಹೆರ್ತಾರೆ, ಇವಳದ್ದೇನು ವಿಶೇಷ’ ಅಂದದ್ದು ಸ್ಪೀಕರಿನಲ್ಲಿ ನನಗೂ ಕೇಳಿಸಿತು.

ನನ್ನನ್ನು ಎತ್ತಿ ನಿಲ್ಲಿಸಿದವರು ಮನೆ ಓನರ್. ನಾನು ಅಕ್ಕಾರು ಅಂತ ಕರೆಯುತ್ತಿದ್ದೆ. ಮೂರು ಹೆತ್ತವರು. ಒಂದು ದಿನ ಬಾಗಿಲು ತಟ್ಟಿ ಒಳಗೆ ಬಂದರು, ನನ್ನ ಮುಖ ನೋಡಿದರು, ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ‘ಮಲ್ಕೋ ತಂಗಿ, ಕೂಸು ನನ್ನ ಹತ್ರ ಇರ್ಲಿ’ ಅಂತ ಹೇಳಿ ಮಗನನ್ನು ಎತ್ತಿಕೊಂಡು ಕೆಳಗೆ ಹೋದರು. ನಾನು ಸತ್ತ ಹಾಗೆ ಮಲಗಿದೆ. ಎದ್ದಾಗ ಅಂಟಿನ ಉಂಡಿ ಡಬ್ಬಿ ಪಕ್ಕದಲ್ಲಿತ್ತು.

ಹಾಲು ಕುಡಿಸುವುದನ್ನು ಕಲಿಸಿದ್ದೂ ಅವರೇ. ಆಸ್ಪತ್ರೆಯಲ್ಲಿ ‘ಎರಡು ಗಂಟೆಗೊಮ್ಮೆ ಕುಡಿಸಿ’ ಅಂದಿದ್ದರು. ಹೇಗೆ ಅಂತ ಹೇಳುವಷ್ಟು ಪುರುಸೊತ್ತು ಯಾರಿಗೂ ಇರಲಿಲ್ಲ. ತೊಟ್ಟು ಒಡೆದು ರಕ್ತ ಬರುತ್ತಿತ್ತು, ಮಗ ಬಾಯಿ ಇಟ್ಟರೆ ಕಣ್ಣಲ್ಲಿ ನೀರು. ಅಕ್ಕಾರು ನನ್ನ ಬೆನ್ನಿಗೊಂದು, ಮೊಣಕೈ ಕೆಳಗೊಂದು ದಿಂಬು ಕೊಟ್ಟರು. ಕೂಸಿನ ತಲೆಯನ್ನು ಮಾತ್ರ ತಿರುಗಿಸಬೇಡ, ಇಡೀ ಮೈ ನಿನ್ನ ಕಡೆ ತಿರುಗಲಿ, ಅದರ ಹೊಟ್ಟೆ ನಿನ್ನ ಹೊಟ್ಟೆಗೆ ತಾಗಲಿ ಅಂದರು. ನೀನು ಬಗ್ಗಬೇಡ, ಕೂಸನ್ನು ನಿನ್ನ ಹತ್ತಿರ ತಗೋ. ತುಟಿಗೆ ತೊಟ್ಟು ತಾಗಿಸಿ ಕಾಯಿ, ಆಕಳಿಸುವ ಹಾಗೆ ಬಾಯಿ ಅಗಲ ಮಾಡುತ್ತದೆ, ಆಗ ಒಳಗೆ ಕೊಡು. ಬರೀ ತೊಟ್ಟಲ್ಲ, ಸುತ್ತಲಿನ ಕಪ್ಪು ಭಾಗವೂ ಬಾಯೊಳಗೆ ಹೋಗಬೇಕು. ಗದ್ದ ಎದೆಗೆ ಒತ್ತಬೇಕು. ಆಮೇಲೆ ಗುಟುಕು ಗುಟುಕಾಗಿ ನುಂಗುವ ಸದ್ದು ಕೇಳಿಸಿತು. ನೋವು ಅರ್ಧಕ್ಕೆ ಇಳಿಯಿತು. ಇಷ್ಟನ್ನು ಹೇಳಲು ಡಿಗ್ರಿ ಬೇಕಿರಲಿಲ್ಲ. ಆದರೆ ಪಕ್ಕದಲ್ಲಿ ಕೂತು, ಕೈ ಹಾಕಿ, ಸರಿ ಆಗುವವರೆಗೆ ಏಳದೆ ಇರಬೇಕಿತ್ತು.

ಇವತ್ತಿನ ‘ಹಾಲು ಸಾಲ್ತಿಲ್ಲ’ ಆಂಟಿಗೆ ಇದನ್ನು ಹೇಳಬೇಕು ಅನಿಸಿತು. ಮಗು ಅಳುವುದಕ್ಕೆಲ್ಲ ಹಾಲೇ ಕಾರಣ ಅಲ್ಲ. ಮೊದಲ ವಾರ ದಾಟಿದ ಮೇಲೆ ದಿನಕ್ಕೆ ಆರು ಸಲವಾದರೂ ಒದ್ದೆ ಮಾಡುತ್ತಿದ್ದರೆ, ತೂಕ ಏರುತ್ತಿದ್ದರೆ ಹಾಲು ಸಾಲುತ್ತಿದೆ ಅಂತಲೇ ಅರ್ಥ. ಡಬ್ಬಿ ಹಾಲಿಗೆ ಜಾಹೀರಾತು ಕೊಡುವಂತಿಲ್ಲ ಅಂತ 1992ರಿಂದ ನಮ್ಮಲ್ಲಿ ಕಾನೂನಿದೆ. ಆಂಟಿಯರಿಗೆ ಮಾತ್ರ ಯಾವ ಕಾನೂನೂ ಅನ್ವಯಿಸಲ್ಲ. ಹಾಗಂತ ನಿಜವಾಗಿ ಬೇಕಾಗಿ ಡಬ್ಬಿ ಹಾಲು ಕುಡಿಸುವವಳನ್ನು ಕಟಕಟೆಯಲ್ಲಿ ನಿಲ್ಲಿಸುವ ‘ಎರಡು ವರ್ಷ ನನ್ನ ಹಾಲೇ’ ಆಂಟಿಯೂ ಬೇಡ. ಇನ್ನು ಜೇನುತುಪ್ಪ. ಒಂದು ವರ್ಷದೊಳಗಿನ ಮಗುವಿಗೆ ಜೇನು ಕೊಡಬಾರದು, ಅದರಲ್ಲಿ ಬರಬಹುದಾದ ಒಂದು ಬ್ಯಾಕ್ಟೀರಿಯಾ ಎಳೆ ಕರುಳಿನಲ್ಲಿ ವಿಷ ಮಾಡುತ್ತದೆ. ಇದನ್ನು ನಾನು ಅಲ್ಲೇ ಜೋರಾಗಿ ಹೇಳಿದೆ. ‘ನಾವೆಲ್ಲ ನೆಕ್ಕೇ ಬೆಳೆದಿದ್ದು’ ಅಂದರು. ಸರಿ ತಾಯಿ.

ಅಳುವಿನ ವಿಷಯಕ್ಕೂ ಬರುತ್ತೇನೆ. ಹೆರಿಗೆ ಆದ ಮೊದಲ ವಾರಗಳಲ್ಲಿ ಕಾರಣವಿಲ್ಲದೆ ಅಳು ಬರುವುದು ತುಂಬಾ ಜನಕ್ಕೆ ಆಗುತ್ತದೆ, ಹೆಚ್ಚಿನವರಿಗೆ ತಾನಾಗಿಯೇ ಕಮ್ಮಿ ಆಗುತ್ತದೆ. ಎರಡು ವಾರ ಕಳೆದರೂ ಬಿಡದಿದ್ದರೆ, ಮಗುವನ್ನು ಕಂಡರೆ ಭಯ ಆಗುತ್ತಿದ್ದರೆ, ಸಾಯುವ ಯೋಚನೆ ಬರುತ್ತಿದ್ದರೆ ಅದು ಕಾಯಿಲೆ, ಕೊಬ್ಬಲ್ಲ. ನಮ್ಮ ನಿಮ್ಹಾನ್ಸ್‌ನಲ್ಲಿ ಇಂಥ ತಾಯಂದಿರನ್ನು ಮಗುವಿನ ಜೊತೆಗೇ ಸೇರಿಸಿಕೊಳ್ಳುವ ವಾರ್ಡ್ 2009ರಿಂದ ಇದೆ. ರಾತ್ರಿ ಹನ್ನೆರಡಕ್ಕೂ 14416ಕ್ಕೆ ಫೋನ್ ಮಾಡಬಹುದು, ಟೆಲಿ ಮಾನಸ್ ಅಂತ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ನಂಬರ್ ಬರೆದಿಟ್ಟುಕೊಳ್ಳಿ. ಆದರೆ ಫೋನ್ ಮಾಡಬೇಕು ಅಂತ ಆ ಹುಡುಗಿಗೆ ಹೊಳೆಯುವುದಿಲ್ಲ. ಮುಖ ನೋಡಿ ಗೊತ್ತುಮಾಡುವವಳು ಒಬ್ಬಳು ಮನೆಗೆ ಬರಬೇಕು. ಬಂದವರು ಮಗುವಿನ ಬಣ್ಣ ನೋಡುತ್ತಾ ಕೂತರೆ ಆಯ್ತಾ?

ಈಗ ನನ್ನ ಫ್ರೆಂಡ್ ಲಿಸ್ಟಿನ ಒಬ್ಬ ಹಿರಿಯರು ಬರುತ್ತಾರೆ, ಗೊತ್ತು. ‘ನಮ್ಮಮ್ಮ ಎಂಟು ಹೆತ್ತರು, ಹೊಲದಿಂದ ಬಂದು ಹೆತ್ತು ಮಾರನೇ ದಿನ ಎದ್ದರು, ಈಗಿನವರಿಗೆ ಎಲ್ಲ ಕಷ್ಟ’ ಅಂತ. ಸ್ವಾಮಿ, ಎದ್ದವರ ಲೆಕ್ಕ ನಿಮ್ಮ ಹತ್ತಿರ ಇದೆ. ಏಳದವರ ಲೆಕ್ಕ? ಅಷ್ಟು ಹಿಂದೆ ಯಾಕೆ, 2001-03ರಲ್ಲೂ ಕರ್ನಾಟಕದಲ್ಲಿ ಒಂದು ಲಕ್ಷ ಹೆರಿಗೆಗೆ 228 ತಾಯಂದಿರು ಸಾಯುತ್ತಿದ್ದರು. 2018-20ಕ್ಕೆ ಅದು 69ಕ್ಕೆ ಇಳಿಯಿತು. ಆಗಲೂ ದಕ್ಷಿಣದ ರಾಜ್ಯಗಳಲ್ಲಿ ನಮ್ಮದೇ ಜಾಸ್ತಿ. ಇನ್ನು ಎಂಟು ಹೆತ್ತ ನಿಮ್ಮ ತಾಯಿ ಒಬ್ಬರೇ ಹೆತ್ತರಾ? ಪಕ್ಕದಲ್ಲಿ ಒಬ್ಬ ಸೂಲಗಿತ್ತಿ ಇದ್ದಳಲ್ಲ. ಪಾವಗಡದ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಬಂತು. ಹದಿನೈದು ಸಾವಿರಕ್ಕೂ ಜಾಸ್ತಿ ಹೆರಿಗೆ, ಒಂದು ಪೈಸೆ ಮುಟ್ಟದೆ. ಅಂಥ ಹೆಂಗಸರ ಕೈಕೆಲಸವನ್ನು ಮರೆತು ‘ತಾನಾಗೇ ಆಗೋದು’ ಅನ್ನುತ್ತೀರಿ.

‘ಗಂಡಂದಿರು ಏನು ಮಾಡ್ತಿರ್ತಾರೆ’ ಅಂತ ಕೇಳುವವರು ನ್ಯಾಯವಾಗೇ ಕೇಳುತ್ತೀರಿ. ಮಾಡಲಿ. ರಾತ್ರಿ ಡೈಪರ್ ಬದಲಾಯಿಸಲಿ, ಬಟ್ಟೆ ಒಗೆಯಲಿ, ಅನ್ನ ಇಡಲಿ. ಯಾರಿಗೂ ಇದರಲ್ಲಿ ರಿಯಾಯಿತಿ ಇಲ್ಲ. ಆದರೆ ‘ನನಗೂ ಹೀಗೇ ಆಗಿತ್ತು ಕಣೇ’ ಅನ್ನುವ ಮಾತು ಗಂಡನ ಬಾಯಲ್ಲಿ ಬರಲ್ಲ. ಅದನ್ನು ಹೇಳಬಲ್ಲವರು ಸೋಫಾದ ಮೇಲೆ ಕೂತು ಉಪ್ಪಿಟ್ಟಿಗೆ ಉಪ್ಪು ಕಮ್ಮಿ ಅನ್ನುತ್ತಿದ್ದರು ಅನ್ನುವುದೇ ನನ್ನ ಸಂಕಟ.

ನೆರವು ಹೇಗಿರುತ್ತದೆ ಅಂತ ನೋಡಬೇಕಿದ್ದರೆ ನಮ್ಮ ಬೀದಿಯ ಮನೆಕೆಲಸದವರನ್ನು ನೋಡಿ. ನಮ್ಮನೆಗೆ ಬರುವವಳು ಹೋದ ವರ್ಷ ಬಸುರಿ. ಏಳು ತಿಂಗಳಾದಾಗ ಬಗ್ಗಿ ಒರೆಸಲು ಆಗುತ್ತಿರಲಿಲ್ಲ. ಪಕ್ಕದ ರಸ್ತೆಯಲ್ಲಿ ಕೆಲಸ ಮಾಡುವ ಇಬ್ಬರು ಬಂದು ಅವಳ ಮನೆಗಳನ್ನು ಹಂಚಿಕೊಂಡರು. ಹೆರಿಗೆ ಆಗಿ ಅವಳು ಮತ್ತೆ ಬಂದ ದಿನ, ತೆಗೆದುಕೊಂಡ ಅಷ್ಟೂ ಮನೆಗಳನ್ನು ಅವಳಿಗೇ ಬಿಟ್ಟುಕೊಟ್ಟರು. ಒಬ್ಬರು ಮನೆಯವರಂತೂ ಹೊಸಬಳೇ ಇರಲಿ, ಕೆಲಸ ಚೆನ್ನಾಗಿದೆ ಅಂದರಂತೆ. ‘ಅದು ಅವಳ ಮನೆ ಅಮ್ಮ, ನಾನು ಬರಲ್ಲ’ ಅಂದುಬಿಟ್ಟಳು. ತಿಂಗಳಿಗೆ ಬರುವ ದುಡ್ಡು ಬಿಟ್ಟು ಹೀಗೆ ಹೇಳುವುದು ತಮಾಷೆಯಲ್ಲ. ನಮ್ಮಂಥವರಿಗೆ 2017ರ ತಿದ್ದುಪಡಿ ಆದಮೇಲೆ 26 ವಾರ ಸಂಬಳದ ರಜೆ. ಐವತ್ತು ಅಥವಾ ಅದಕ್ಕಿಂತ ಜಾಸ್ತಿ ಕೆಲಸಗಾರರಿದ್ದರೆ ಮಕ್ಕಳನ್ನು ಬಿಡಲು ಶಿಶುಪಾಲನಾ ಕೇಂದ್ರ ಬೇಕು ಅಂತಲೂ ಕಾನೂನು ಹೇಳುತ್ತದೆ, ನಾನಂತೂ ಕಾನೂನಿನಲ್ಲಿ ಓದಿದ್ದೇನೆ, ಕಣ್ಣಲ್ಲಿ ನೋಡಿಲ್ಲ. ಅವಳಿಗೆ ಇದ್ದದ್ದು ಆ ಇಬ್ಬರು ಹೆಂಗಸರು, ಅಷ್ಟೇ.

ಸರ್ಕಾರ ಏನೂ ಮಾಡಿಲ್ಲ ಅಂತ ಹೇಳಲ್ಲ. 2017ರಲ್ಲಿ ಬಂದ ಮಾತೃಪೂರ್ಣದಲ್ಲಿ ಬಸುರಿ, ಬಾಣಂತಿಯರಿಗೆ ಅಂಗನವಾಡಿಯಲ್ಲಿ ಬಿಸಿಯೂಟ. ಆದರೆ ಅಲ್ಲಿಗೇ ಬಂದು ಉಣ್ಣಬೇಕು ಅಂತಲೇ ಅದನ್ನು ಶುರು ಮಾಡಿದರು. ಹೊಸ್ತಿಲು ದಾಟಬಾರದು ಅಂತ ಕೂರಿಸಿದ ಬಾಣಂತಿ ಹೇಗೆ ಬರುತ್ತಾಳೆ ಅಂತ ಯಾರೂ ಕೇಳಿಕೊಂಡ ಹಾಗಿಲ್ಲ. ಗ್ರಾಮ ಪಂಚಾಯಿತಿಗಳ ‘ಕೂಸಿನ ಮನೆ’ ನನಗೆ ಇದಕ್ಕಿಂತ ಹಿಡಿಸಿದೆ. ಉದ್ಯೋಗ ಖಾತರಿ ಕೆಲಸಕ್ಕೆ ಹೋಗುವವರ ಮಕ್ಕಳನ್ನು ಅದೇ ಊರಿನ ಹೆಂಗಸರು ತರಬೇತಿ ಪಡೆದು ನೋಡಿಕೊಳ್ಳುತ್ತಾರೆ. ಅದಕ್ಕೆ ಕೂಲಿಯೂ ಇದೆ. ಮಗು ನೋಡುವುದೂ ಕೂಲಿ ಕೊಡಬೇಕಾದ ಕೆಲಸ ಅಂತ ಪಂಚಾಯಿತಿ ಲೆಕ್ಕದಲ್ಲಾದರೂ ಬಂತಲ್ಲ.

‘ಕರೆಯದೆ ಹೋಗಿ ಅಡುಗೆಮನೆಗೆ ನುಗ್ಗಿದರೆ ಮನೆಯವರಿಗೆ ಮುಜುಗರ’ ಅಂತ ಒಬ್ಬ ಗೆಳತಿ ಫೋನಿನಲ್ಲೇ ವಾದ ಮಾಡಿದಳು. ಕರೆಯದೆ ಹೋಗಿ ಮೂರು ಗಂಟೆ ಕೂತು ಹೊಲಿಗೆ ಒಣಗಿತಾ ಅಂತ ಕೇಳುವಾಗ ಇರದ ಮುಜುಗರ ಲೋಟ ತೊಳೆಯುವಾಗ ಎಲ್ಲಿಂದ ಬಂತೋ.

ಬೆಂಗಳೂರಿನ ವಿಜಯನಗರ, ಅತ್ತಿಗುಪ್ಪೆ, ಚಂದ್ರಾ ಲೇಔಟ್ ಕಡೆ ನಿಮ್ಮ ಮನೆಯಲ್ಲಿ ಬಾಣಂತಿ ಇದ್ದರೆ ಇನ್‌ಬಾಕ್ಸ್‌ಗೆ ಬನ್ನಿ. ಎರಡನೇ, ನಾಲ್ಕನೇ ಶನಿವಾರ ನಮ್ಮ ಬ್ಯಾಂಕಿಗೆ ರಜೆ ಅಂತ ಗೊತ್ತಲ್ಲ. ಸಬ್ಬಸಿಗೆ ಸೊಪ್ಪಿನ ಪಲ್ಯ, ಮೆಣಸಿನ ಸಾರು ಮಾಡಿಕೊಂಡು ಬರುತ್ತೇನೆ, ಡಬ್ಬಿ ವಾಪಸ್ ಕೊಟ್ಟರೆ ಸಾಕು. ಮಗು ನನ್ನ ಹತ್ತಿರ ಕೊಟ್ಟು ಹೋಗಿ ಮಲಗಿಬಿಡಿ, ನನ್ನ ಜೊತೆ ಮಾತಾಡಲೇಬೇಕು ಅಂತಿಲ್ಲ. ಒಂದೇ ಷರತ್ತು, ಆ ಹೊತ್ತಿಗೆ ಮಗು ನೋಡೋಕೆ ಅಂತ ಬೇರೆ ನೆಂಟರನ್ನು ಕರೆದಿರಬಾರದು. ಕರೆದಿದ್ದರೆ ಬಕೆಟ್ ಬಟ್ಟೆ ಅವರ ಕೈಗೆ ಕೊಡುತ್ತೇನೆ, ಆಮೇಲೆ ನನ್ನನ್ನು ಬೈಯಬೇಡಿ.