ಬೋರ್ಡಿನ ಮೇಲೆ ಅಧ್ಯಕ್ಷರ ನಂಬರ್ ಯಾಕಿಲ್ಲ?

ನಿನ್ನೆಯಿಂದ ತಲೆ ಬಿಸಿಯಾಗಿದೆ. ಬರೆದೇಬಿಡುತ್ತೇನೆ.

ಇ-ಸ್ವತ್ತು (ಊರಿನ ಆಸ್ತಿಯ ಕಂಪ್ಯೂಟರ್ ದಾಖಲೆ) ಕೆಲಸಕ್ಕೆ ಜಗಳೂರು ಕಡೆಯ ಒಂದು ಗ್ರಾಮ ಪಂಚಾಯಿತಿಗೆ ಹೋಗಿದ್ದೆ. ಊರ ಹೆಸರು ಬೇಡ. ಹೊರಗಡೆ ಖಾಲಿ ಕೊಡ ಹಿಡಿದು ನಾಲ್ಕೈದು ಹೆಣ್ಣುಮಕ್ಕಳು ನಿಂತಿದ್ದರು. ಓಣಿಗೆ ನೀರು ಬಂದಿರಲಿಲ್ಲ. ಒಬ್ಬಾಕೆ ಗೋಡೆ ಮೇಲಿನ ಬೋರ್ಡ್ ನೋಡಿ ಅಧ್ಯಕ್ಷರ ನಂಬರಿಗೆ ಫೋನ್ ಮಾಡಿದಳು.

"ಅಧ್ಯಕ್ಷರು ಅದಾರೇನ್ರಿ?"

"ನಾನೇ, ಹೇಳಮ್ಮ." ಗಂಡಸಿನ ದನಿ.

ಅಲ್ಲಿ ಅಧ್ಯಕ್ಷರು ಹೆಂಗಸು! ಅದೂ ಒಳಗಡೆ ಕುರ್ಚಿಯಲ್ಲೇ ಕೂತಿದ್ದರು. ಮಾತು ಕಿವಿಗೆ ಬಿದ್ದು ಎದ್ದು ಬಂದರು. "ಹಳೇ ಬೋರಿನ ಸ್ಟಾರ್ಟರ್ ಸುಟ್ಟೈತಮ್ಮ. ನೀರುಗಂಟಿ ಕೈಲಿ ಬೆಳಿಗ್ಗೇನೆ ರಿಪೇರಿಗೆ ಕಳಿಸೀನಿ. ಸಂಜೆ ತನಕ ಗುಡಿ ಹತ್ರದ ಮಿನಿ ಟ್ಯಾಂಕಿನಾಗೆ ಹಿಡ್ಕಳ್ರಿ." ಅಷ್ಟೇ. ಎಲ್ಲರೂ ಕೊಡ ಎತ್ತಿಕೊಂಡು ಹೊರಟರು. ಫೋನಿನಲ್ಲಿದ್ದ ಯಜಮಾನರು ಹೇಳಿದ್ದು "ನೋಡ್ತೀನಿ" ಅಂತ ಮಾತ್ರ.

ಕೆಲಸ ಗೊತ್ತಿರುವವರು ಅಧ್ಯಕ್ಷರು. ನಂಬರ್ ಮಾತ್ರ ಗಂಡನದು. ಉಳಿದ ಸದಸ್ಯೆಯರ ಹೆಸರಿನ ಮುಂದೆಯೂ ಬಹುಪಾಲು ಗಂಡ ಇಲ್ಲವೇ ಮಗನ ನಂಬರೇ ಇದೆಯಂತೆ. ಕಚೇರಿಯವರೇ ಹೇಳಿದರು, ಅದೇನೂ ದೊಡ್ಡ ವಿಷಯವೇ ಅಲ್ಲ ಅನ್ನೋ ಹಾಗೆ.

ದೊಡ್ಡ ವಿಷಯವೇ ಕಣ್ರಿ. ವಾಟ್ಸಾಪ್ ಗುಂಪಿಗೆ ಸೇರಿಸುವುದೂ ಅದೇ ನಂಬರನ್ನು. ಸಭೆಯ ನೋಟಿಸು, ಪಿಡಿಓ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಮೆಸೇಜು, ಉದ್ಯೋಗ ಖಾತ್ರಿ ಕಾಮಗಾರಿ ಪಟ್ಟಿ, ಹಣಕಾಸು ಆಯೋಗದ ದುಡ್ಡು ಬಂದ ಸುದ್ದಿ, ಎಲ್ಲ ಮೊದಲು ಮುಟ್ಟುವುದು ಗಂಡನಿಗೆ. ಹೆಂಡತಿಗೆ ಹೇಳುವ ಹೊತ್ತಿಗೆ ಅವರು ಅರ್ಧ ತೀರ್ಮಾನ ಮಾಡಿ ಮುಗಿಸಿರುತ್ತಾರೆ. ಆಮೇಲೆ ನಾವೇ, "ಆಯಮ್ಮಂಗೆ ಏನೂ ಗೊತ್ತಿಲ್ಲ" ಅನ್ನುತ್ತೇವೆ. ಗೊತ್ತಾಗೋ ದಾರಿಗೇ ಬೇಲಿ ಹಾಕಿದ ಮೇಲೆ ಹೇಗೆ ಗೊತ್ತಾಗಬೇಕು?

ನಮ್ಮವ್ವನ ವಿಷಯ ಹೇಳುತ್ತೇನೆ. 1987ರ ಮಂಡಲ ಪಂಚಾಯಿತಿ (ಈಗಿನ ಗ್ರಾಮ ಪಂಚಾಯಿತಿಯ ಹಿಂದಿನ ರೂಪ) ಸದಸ್ಯೆ. ನಜೀರ್ ಸಾಬರು ರಾಜ್ಯದ ಪಂಚಾಯತ್ ರಾಜ್ ಮಂತ್ರಿಯಾಗಿದ್ದ ಕಾಲ. ದೇಶದ ಸಂವಿಧಾನಕ್ಕೆ 73ನೇ ತಿದ್ದುಪಡಿ ಬಂದು ಪಂಚಾಯಿತಿಗಳಲ್ಲಿ ಹೆಂಗಸರಿಗೆ ಮೂರನೇ ಒಂದರಷ್ಟು ಮೀಸಲಾತಿ ಸಿಕ್ಕಿದ್ದು 1993ರಲ್ಲಿ. ಅದಕ್ಕೂ ಮೊದಲೇ ನಮ್ಮ ರಾಜ್ಯ ಹೆಂಗಸರಿಗೆ ಶೇ. 25 ಕೊಟ್ಟಿತ್ತು. ಅವ್ವ ಹೆಬ್ಬೆಟ್ಟಿನವಳು. ಮನೆಯಲ್ಲಿ ಫೋನ್ ಇರಲಿಲ್ಲ. ಅವ್ವನ ಹತ್ರ ಕೆಲಸ ಆಗಬೇಕಂದ್ರೆ ಅವ್ವನನ್ನೇ ಹುಡುಕಿಕೊಂಡು ಬರಬೇಕಿತ್ತು. ಹಿತ್ತಲಿಗೆ, ಹೊಲಕ್ಕೆ, ಎಲ್ಲಿದ್ದರೆ ಅಲ್ಲಿಗೆ. ಅಪ್ಪ ಜಗಲಿ ಮೇಲೇ ಕೂತಿರುತ್ತಿದ್ದರು, ಬಂದವರು ದಾಟಿಕೊಂಡು ಒಳಗೆ ಹೋಗುತ್ತಿದ್ದರು. ಈಗ 2010ರ ಚುನಾವಣೆಯಿಂದ ಶೇ. 50 ಮೀಸಲಾತಿ ಇದೆ, ಕೈಕೈಗೆ ಮೊಬೈಲ್ ಇದೆ. ಅಧ್ಯಕ್ಷೆಗೆ ಒಂದು ಮಾತು ಮುಟ್ಟಿಸೋದು ಅವತ್ತಿಗಿಂತ ಕಷ್ಟ ಆಗಿದೆ. ಅವ್ವ ಇದ್ದಿದ್ದರೆ ಜಗಳ ತೆಗೆದೇ ತೆಗೆಯುತ್ತಿದ್ದಳು. ಇದನ್ನು ಬರೆಯುವಾಗ ಅವಳು ತುಂಬ ನೆನಪಾದಳು.

"ಹೆಣ್ಣುಮಕ್ಕಳ ನಂಬರ್ ಊರಿಗೆಲ್ಲ ಕೊಟ್ಟರೆ ಹೊತ್ತಲ್ಲದ ಹೊತ್ತಿಗೆ ಫೋನ್ ಬರುತ್ತವೆ" ಅಂತ ಅಲ್ಲಿದ್ದ ಒಬ್ಬರು ನನಗೆ ಬುದ್ಧಿ ಹೇಳಿದರು. ಆಶಾ ಕಾರ್ಯಕರ್ತೆಯ ನಂಬರ್ ಊರಿಗೆಲ್ಲ ಗೊತ್ತಿಲ್ವಾ? ನಡುರಾತ್ರಿ ಹೆರಿಗೆ ನೋವು ಬಂದರೆ ಯಾರಿಗೆ ಫೋನ್ ಮಾಡ್ತೀರಿ, ಆಕೆಗೋ ಆಕೆಯ ಗಂಡನಿಗೋ? ಅಂಗನವಾಡಿ ಟೀಚರಮ್ಮ ಮೊಬೈಲಿನಲ್ಲೇ ಹಾಜರಿ ತುಂಬುತ್ತಾರೆ. ದುಡಿಸಿಕೊಳ್ಳುವಾಗ ಬರದ ಭಯ ಅಧಿಕಾರದ ವಿಷಯಕ್ಕೆ ಮಾತ್ರ ಯಾಕೆ ಬರುತ್ತದೆ? ತಲೆಕೆಟ್ಟವನು ಫೋನ್ ಮಾಡಿ ಕಾಟ ಕೊಟ್ಟರೆ ಅವನ ಮೇಲೆ ದೂರು ಕೊಡಿ. ಅಧ್ಯಕ್ಷೆಯ ನಂಬರ್ ಅಳಿಸಬೇಡಿ.

ಹೆಂಡತಿಯ ಅಧಿಕಾರವನ್ನು ಗಂಡ ನಡೆಸುವ ಈ ಚಾಳಿ 2023ರಲ್ಲಿ ಸುಪ್ರೀಂ ಕೋರ್ಟ್ ತನಕ ಹೋಯಿತು. ಕೇಂದ್ರ ಪಂಚಾಯತ್ ರಾಜ್ ಸಚಿವಾಲಯ ಒಂದು ಸಮಿತಿಯನ್ನೇ ಮಾಡಬೇಕಾಯಿತು. ಮಾಡಲಿ, ಒಳ್ಳೆಯದೇ. ಆದರೆ ಬೋರ್ಡಿನ ಮೇಲೆ ಹತ್ತಂಕಿ ಬದಲಿಸೋಕೆ ಯಾವ ಸಮಿತಿ ಬೇಕು? ಒಂದು ಡಬ್ಬಿ ಪೇಂಟ್ ಸಾಕು.

ಅಧ್ಯಕ್ಷರನ್ನೇ ಕೇಳಿದೆ. ಅವರ ಹತ್ರ ಸ್ವಂತ ಮೊಬೈಲ್ ಇದೆ. "ಹಾಕ್ಸಿ, ನಂದೇನೂ ಅಡ್ಡಿ ಇಲ್ಲ" ಅಂದರು. ಅಲ್ಲೇ ಕೂತು ಅರ್ಜಿ ಬರೆದು, ಪಿಡಿಓಗೆ ಕೊಟ್ಟು, ಸ್ವೀಕೃತಿ ತಗೊಂಡು ಬಂದಿದ್ದೇನೆ. ಬೋರ್ಡಿನಲ್ಲಿ ನಂಬರ್, ಗುಂಪಿನಲ್ಲೂ ನಂಬರ್, ಎರಡೂ ಬದಲಾಗಬೇಕು ಅಂತ. ಹೊಳಲ್ಕೆರೆ, ಹಿರಿಯೂರು, ಹರಿಹರ, ಚನ್ನಗಿರಿ ಕಡೆಯ ಸ್ನೇಹಿತರೇ, ನಿಮ್ಮ ಪಂಚಾಯಿತಿ ಬೋರ್ಡಿನ ನಂಬರಿಗೆ ಇವತ್ತೇ ಒಂದು ಫೋನ್ ಮಾಡಿ. ಯಾರು ಎತ್ತಿದರು ಅಂತ ಇಲ್ಲಿ ಕೆಳಗೆ ಬರೆಯಿರಿ. ಅರ್ಜಿ ನಮೂನೆ ಬೇಕಾದವರಿಗೆ ಕಳಿಸುತ್ತೇನೆ.