ಅರಣ್ಯ ಕಾನೂನಿನ ವಿಭಾಗ ತಾಲ್ಲೂಕಿಂದಲೇ ನಡೀಬೇಕು

ವಕೀಲರ ಸಂಘ ಅಂದ್ರೆ ಸುಮಾರು ಜನಕ್ಕೆ ನೆನಪಾಗೋದು ಚುನಾವಣೆ, ಕಲಾಪ ಬಹಿಷ್ಕಾರ, ಸನ್ಮಾನ, ಇಷ್ಟೇ. ಅಖಿಲ ಭಾರತ ಮಟ್ಟದ ಸಂಘದೊಳಗೆ ತೆರಿಗೆಗೊಂದು, ಕಾರ್ಮಿಕ ಕಾನೂನಿಗೊಂದು, ಕುಟುಂಬ ಕಾನೂನಿಗೊಂದು ಅಂತ ಬೇರೆ ಬೇರೆ ವಿಭಾಗ ಇರುತ್ತೆ ಅನ್ನೋದು ಎಷ್ಟೋ ವಕೀಲರಿಗೇ ಗೊತ್ತಿಲ್ಲ. ನಾನಿರೋ ಸಂಘದಲ್ಲಿ ಅರಣ್ಯ ಮತ್ತು ಭೂಮಿ ವಿಭಾಗದ ಸಂಚಾಲಕರ ಕೆಲಸ ಈಗ ನನ್ನ ಮೇಲಿದೆ. ಪ್ರಾಕ್ಟೀಸು ಶಿವಮೊಗ್ಗದಲ್ಲಿ, ಸಾಗರ ಹೊಸನಗರಕ್ಕೂ ಆಗಾಗ ಹೋಗ್ತೀನಿ. ಅದು ದೆಹಲೀಲಿ ಕೂತವ್ರು ಮಾಡೋ ಕೆಲಸ ಅಲ್ವಾ ಮಾರಾಯ್ರೇ, ನೀವು ಇಲ್ಲಿಂದ ಏನ್ ಮಾಡ್ತೀರಿ ಅಂತ ಬಾರ್ ರೂಮಲ್ಲಿ ಕೇಳ್ತಾನೇ ಇರ್ತಾರೆ. ಬೇರೆ ವಿಭಾಗದ್ದು ನಂಗೆ ಗೊತ್ತಿಲ್ಲ, ಈ ವಿಭಾಗ ಮಾತ್ರ ತಾಲ್ಲೂಕಿಂದಲೇ ನಡೀಬೇಕು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ, ಯಾಕೆ ಅಂತ ಸ್ವಲ್ಪ ಉದ್ದಕ್ಕೇ ಬರೀತೀನಿ, ಪುರುಸೊತ್ತಿದ್ರೆ ಓದಿ.

ಕಾಡಲ್ಲೇ ಬದುಕಿಕೊಂಡು ಬಂದವರಿಗೆ ಆ ಜಾಗದ ಹಕ್ಕು ಕೊಡೋ 2006ರ ಅರಣ್ಯ ಹಕ್ಕು ಕಾಯ್ದೆ ತಗೊಳ್ಳಿ. ಅರ್ಜಿ ಮೊದಲು ಗ್ರಾಮಸಭೆ, ಅದರ ಅರಣ್ಯ ಹಕ್ಕು ಸಮಿತಿ, ಅಲ್ಲಿಂದ ಉಪವಿಭಾಗಾಧಿಕಾರಿ (ಎಸಿ) ಅಧ್ಯಕ್ಷತೆಯ ಉಪವಿಭಾಗ ಸಮಿತಿ, ಆಮೇಲೆ ಡಿಸಿ ಅಧ್ಯಕ್ಷತೆಯ ಜಿಲ್ಲಾ ಸಮಿತಿ. ಜಿಲ್ಲಾ ಸಮಿತಿ ಹೇಳಿದ್ದೇ ಅಂತಿಮ, ಅದರ ಮೇಲೆ ಹೈಕೋರ್ಟಿಗೆ ರಿಟ್ ಹಾಕಬೇಕು. ಅಂದ್ರೆ ಒಂದು ಕುಟುಂಬದ ಜಮೀನಿನ ಹಣೆಬರಹ ಬರೆಯೋದು ಎಸಿ ಆಫೀಸಲ್ಲಿ, ಡಿಸಿ ಆಫೀಸಲ್ಲಿ, ಅಲ್ಲಿನ ಆದೇಶ ಯಾವ ಲಾ ಜರ್ನಲಲ್ಲೂ ಬರಲ್ಲ. ಸುಪ್ರೀಂ ಕೋರ್ಟ್ ತೀರ್ಪು ಸಂಜೆಯೊಳಗೆ ಎಲ್ಲರ ಮೊಬೈಲಲ್ಲೂ ಇರುತ್ತೆ, ಅರ್ಜಿ ತಿರಸ್ಕಾರ ಆಯ್ತು ಅಂತ ಆಫೀಸಿಂದ ಬರೆದುಕೊಡೋ ಈ ಹಿಂಬರಹಗಳು ಮಾತ್ರ ಯಾರದ್ದೋ ಮನೆ ಟ್ರಂಕಲ್ಲಿ ಮಳೆಗಾಲದ ಥಂಡಿಗೆ ಬೂಷ್ಟು ಹಿಡೀತಾ ಇರ್ತವೆ.

ನನ್ನ ಟೇಬಲ್ ಮೇಲೆ ಈಗಲೂ ಅಂಥದ್ದೊಂದು ಇದೆ. ಒಂದೇ ಹಾಳೆ. ಟೈಪ್ ಮಾಡಿ ಜೆರಾಕ್ಸ್ ತೆಗೆದಿಟ್ಟ ನಮೂನೆ, ಅರ್ಜಿದಾರರ ಹೆಸರು, ಊರು, ಸರ್ವೆ ನಂಬರಿಗೆ ಜಾಗ ಬಿಟ್ಟು ನೀಲಿ ಪೆನ್ನಲ್ಲಿ ತುಂಬಿದ್ದಾರೆ. ಕಾರಣದ ಜಾಗದಲ್ಲಿ ಒಂದೇ ಸಾಲು, 75 ವರ್ಷದ ದಾಖಲೆ ಹಾಜರುಪಡಿಸಿಲ್ಲವಾದ್ದರಿಂದ ಅರ್ಜಿ ತಿರಸ್ಕರಿಸಲಾಗಿದೆ. ಅಷ್ಟೇ. ಪಕ್ಕದ ಮನೆಯವರಿಗೂ ಅದೇ ಸಾಲು, ಆಚೆ ಊರಿನವರಿಗೂ ಅದೇ ಸಾಲು.

ಕಾಯ್ದೆ ಏನ್ ಹೇಳುತ್ತೆ ನೋಡಿ. ಪರಿಶಿಷ್ಟ ಪಂಗಡದವರಲ್ಲದ ಇತರೆ ಪಾರಂಪರಿಕ ಅರಣ್ಯವಾಸಿಗಳು 2005ರ ಡಿಸೆಂಬರ್ 13ಕ್ಕಿಂತ ಮುಂಚೆ ಮೂರು ತಲೆಮಾರು, ತಲೆಮಾರಿಗೆ 25 ವರ್ಷದಂತೆ 75 ವರ್ಷ, ಅಲ್ಲಿ ವಾಸ ಇದ್ದು ಕಾಡನ್ನ ನೆಚ್ಚಿಕೊಂಡು ಬದುಕಿದ್ದು ತೋರಿಸಬೇಕು. ಲೆಕ್ಕ ಹಾಕಿದ್ರೆ 1930ಕ್ಕೆ ಹೋಗುತ್ತೆ. 1930ರಲ್ಲಿ ಮಲೆನಾಡಿನ ಕೂಲಿಯವನ ಹೆಸರಿಗೆ ಯಾರು ಕಾಗದ ಮಾಡಿಕೊಟ್ಟಿದ್ರು? ಅದಕ್ಕೇ ನಿಯಮ 13ರಲ್ಲಿ ಬರೀ ಕಾಗದ ಕೇಳಿಲ್ಲ, ಹಿರಿಯರ ಹೇಳಿಕೆ ಬರೆದುಕೊಂಡ್ರೆ ಅದೂ ಸಾಕ್ಷಿ, ಹಳೇ ಮನೆ, ಬಾವಿ, ಬದು, ಸ್ಮಶಾನ, ದೇವರ ಜಾಗ ಇವೂ ಸಾಕ್ಷಿ. ನಮ್ಮ ಕಡೆ ಅಂದ್ರೆ ಚೌಡಿ ಬನ, ಕುಸಿದುಬಿದ್ದ ಮನೆಯ ಕೆಸರುಕಲ್ಲು, ತೋಟದ ಹಳೇ ಅಗಳ. ಇಂಥದ್ದೇ ದಾಖಲೆ ಬೇಕು ಅಂತ ಹಠ ಹಿಡಿಯೋ ಹಾಗಿಲ್ಲ, ತಿರಸ್ಕರಿಸಿದ್ರೆ ಕಾರಣ ಬರೀಬೇಕು ಅಂತ 2012ರ ತಿದ್ದುಪಡೀಲಿ ಸ್ಪಷ್ಟವಾಗೇ ಇದೆ. ಇಷ್ಟಿದ್ದೂ ಆ ಒಂದು ಸಾಲು.

ಒಬ್ಬ ವಕೀಲನ ಕೈಲಿ ಇಂಥ ಒಂದು ಹಾಳೆ ಇದ್ರೆ ಅದು ಒಂದು ಕೇಸು. ಬೇರೆ ಬೇರೆ ತಾಲ್ಲೂಕಿಂದ, ಬೇರೆ ಬೇರೆ ರಾಜ್ಯದಿಂದ ಇಂಥದ್ದೇ ರಾಶಿ ಬಂದು ಒಂದು ಕಡೆ ಸೇರಿದ್ರೆ ಕೋರ್ಟಿನ ಮುಂದೆ ಇಡೋಕೆ ಬೇರೇನೇ ಒಂದು ವಾದ ಹುಟ್ಟುತ್ತೆ. ವಿಭಾಗದ ಸಂಚಾಲನೆ ಅಂದ್ರೆ ನನ್ನ ಪ್ರಕಾರ ಇದೇ. 2019ರ ಫೆಬ್ರವರಿ 13ಕ್ಕೆ, ಅರ್ಜಿ ತಿರಸ್ಕೃತ ಆದವರನ್ನ ಒಕ್ಕಲೆಬ್ಬಿಸಿ ಅಂತ ಸುಪ್ರೀಂ ಕೋರ್ಟ್ ಆದೇಶ ಬಂತಲ್ಲ, ಅದೇ ತಿಂಗಳು 28ಕ್ಕೆ ತಡೆಯೂ ಸಿಕ್ತು, ಆವಾಗ ದೇಶದಲ್ಲೆಲ್ಲ ಎದ್ದ ಪ್ರಶ್ನೆ ಒಂದೇ, ಈ ತಿರಸ್ಕಾರಗಳು ನೆಟ್ಟಗೆ ವಿಚಾರಣೆ ಮಾಡಿ ಆಗಿದ್ದಾ? ಅದಕ್ಕೆ ಉತ್ತರ ಇರೋದು ದೆಹಲೀಲಲ್ಲ, ಈ ಹಾಳೆಗಳಲ್ಲಿ.

ಹಾಗಂತ ಹೊರಗಿನವರಿಂದ ಕಲಿಯೋದು ಇಲ್ಲ ಅಂತಲ್ಲ. ಮಹಾರಾಷ್ಟ್ರದ ಗಡ್ಚಿರೋಲಿ ಕಡೆಯ ವಕೀಲರೊಬ್ಬರು ಗ್ರಾಮಸಭೆ ಠರಾವು ಹೇಗೆ ಬರೀಬೇಕು, ಸ್ಥಳ ತನಿಖೆ ದಿನ ಯಾರ್ಯಾರ ಸಹಿ ಇರಬೇಕು ಅಂತ ಮೀಟಿಂಗಲ್ಲಿ ಬಿಡಿಸಿ ಹೇಳಿದ್ರು, ಅದು ಇಲ್ಲಿಗೆ ಹಾಗೇ ಒಗ್ಗಿತು. 75 ವರ್ಷದ ವಿಷಯದಲ್ಲಿ ಮಾತ್ರ ಅವರ ಅನುಭವ ನಮಗೆ ಬರಲ್ಲ, ಅಲ್ಲಿ ಹೆಚ್ಚಿನ ಅರ್ಜಿದಾರರು ಪರಿಶಿಷ್ಟ ಪಂಗಡದವರು, ಅವರಿಗೆ ಆ ಷರತ್ತೇ ಇಲ್ಲ.

ಶರಾವತಿ ಸಂತ್ರಸ್ತರ ವಿಷಯಾನೂ ಹಾಗೇ. 1964ರಲ್ಲಿ ಶರಾವತಿಗೆ ಅಡ್ಡ ಕಟ್ಟಿದ ಲಿಂಗನಮಕ್ಕಿ ಅಣೆಕಟ್ಟು ಮುಗೀತು, ನಾಡಿಗೆಲ್ಲ ಕರೆಂಟು ಬಂತು, ಮುಳುಗಡೆಯಾದವರನ್ನ ತಂದು ಕಾಡಲ್ಲಿ ಇಳಿಸಿದ್ರು, ಆ ಜಾಗ ದಾಖಲೇಲಿ ಮಾತ್ರ ಅರಣ್ಯವಾಗೇ ಉಳೀತು. 1980ರ ಅರಣ್ಯ ಸಂರಕ್ಷಣಾ ಕಾಯ್ದೆ ಬಂದಮೇಲೆ ಕೇಂದ್ರದ ಒಪ್ಪಿಗೆ ಇಲ್ದೆ ರಾಜ್ಯ ಸರ್ಕಾರ ಒಂದೇ ಏನೂ ಮಾಡೋ ಹಾಗಿಲ್ಲ. ಹಾಗಾಗಿ ಇದು ರಾಷ್ಟ್ರಮಟ್ಟದ ವಿಭಾಗ ಕೈಗೆತ್ತಿಕೊಳ್ಳಬೇಕಾದ ವಿಷಯವೇ. ಆದ್ರೆ ವಿಭಾಗದ ಪರವಾಗಿ ಇದರ ಟಿಪ್ಪಣಿ ಬರೆಯೋರು ಯಾರು? ಅಪ್ಪನ ಕಾಲದ ಫೈಲು ಇಟ್ಟುಕೊಂಡಿರೋ ಸಾಗರದ ವಕೀಲರು ಬರೀಬೇಕು, ದೆಹಲಿಯವರು ಅದನ್ನ ಕೋರ್ಟಿನ ಭಾಷೆಗೆ ಕೂರಿಸಲಿ.

ಇಂಥದ್ದೊಂದು ಟಿಪ್ಪಣಿಯ ಕರಡಲ್ಲಿ ಕಾನು (ಊರವರು ಬಳಸಿಕೊಂಡು ಬಂದ ದಟ್ಟ ಕಾಡು), ಸೊಪ್ಪಿನಬೆಟ್ಟದ (ತೋಟಕ್ಕೆ ಸೊಪ್ಪು ತರೋ ಗುಡ್ಡ) ಭಾಗ ತೀರಾ ಸ್ಥಳೀಯ, ತೆಗೀರಿ ಅಂತ ಸಲಹೆ ಬಂತು. ನಾನು ಒಪ್ಪಲಿಲ್ಲ. ಕರ್ನಾಟಕ ಭೂ ಕಂದಾಯ ಕಾಯ್ದೆ 1964ರ 79ನೇ ಕಲಂನಲ್ಲಿ ಹಳೇ ಮೈಸೂರು ಭಾಗದ ಕಾನು, ಸೊಪ್ಪಿನಬೆಟ್ಟದ ಸವಲತ್ತು ಮುಂದುವರೀಬೇಕು ಅಂತ ಬರೆದಿದೆ, ಗೋದಾವರ್ಮನ್ ಕೇಸಲ್ಲಿ ಸುಪ್ರೀಂ ಕೋರ್ಟಿನ 1996ರ ಆದೇಶ ಬಂದು ನಿಘಂಟಿನ ಅರ್ಥದಲ್ಲಿ ಕಾಡು ಅನ್ನಿಸಿಕೊಂಡಿದ್ದೆಲ್ಲ ಕಾಡೇ ಅಂತು, ಈ ಎರಡರ ಮಧ್ಯೆ ಸಿಕ್ಕಿಕೊಂಡಿರೋನು ಅಡಿಕೆ ತೋಟಕ್ಕೆ ಸೊಪ್ಪು ತರೋ ರೈತ. ಅದನ್ನ ತೆಗೆದ್ರೆ ಮಲೆನಾಡಿನ ಪಾಲಿಗೆ ಆ ಟಿಪ್ಪಣೀಲಿ ಉಳಿಯೋದೇನು?

ವಿಭಾಗದಲ್ಲಿ ಅರಣ್ಯ ಇಲಾಖೆ ಪರ ವಾದ ಮಾಡೋರೂ ಇದಾರೆ, ಎಸ್ಟೇಟಿನವರ ಪರ ಇರೋರೂ ಇದಾರೆ, ಕಾಡು ಉಳೀಲಿ ಅಂತ ಜೀವ ಬಿಡೋರೂ ಇದಾರೆ. ಇರಲೇಬೇಕು. ನಡೀತಿರೋ ಕೇಸು ಹೆಸರು ಹಿಡಿದು ಚರ್ಚೆ ಮಾಡಬಾರದು ಅನ್ನೋದೊಂದು ಕಟ್ಟುನಿಟ್ಟು. ಎಕರೆಗಟ್ಟಲೆ ಕಾಡು ಸವರಿ ಎಸ್ಟೇಟ್ ಮಾಡಿದವರನ್ನೂ, ಅರ್ಧ ಎಕರೇಲಿ ಗದ್ದೆ ಮಾಡಿ ಉಂಡವರನ್ನೂ ಒಂದೇ ಒತ್ತುವರಿ ಪಟ್ಟೀಲಿ ಸೇರಿಸೋದನ್ನ ಮಾತ್ರ ನಾನು ಯಾವ ಸಭೇಲೂ ಸುಮ್ನೆ ಕೇಳಿಸಿಕೊಳ್ಳಲ್ಲ.

ಮೀಟಿಂಗು ಈಗ ಸಂಜೆ ಕೋರ್ಟ್ ಮುಗಿದ ಮೇಲೆ ಫೋನಲ್ಲೇ. ಹೊಸನಗರದ ಕಡೆ ಮಳೆಗಾಲದಲ್ಲಿ ಕರೆಂಟೂ ಇರಲ್ಲ ನೆಟ್‌ವರ್ಕೂ ಇರಲ್ಲ, ಅಲ್ಲಿನ ವಕೀಲರು ವಾಯ್ಸ್ ಮೆಸೇಜ್ ಹಾಕ್ತಾರೆ, ಕನ್ನಡದಲ್ಲೇ, ಜೂನಿಯರ್‌ಗಳು ಇಂಗ್ಲಿಷಿಗೆ ಇಳಿಸ್ತಾರೆ. ದೆಹಲಿ ಹೋಟೆಲಲ್ಲಿ ಸಭೆ ಇಟ್ಟಾಗ ಬಾಯೇ ಬಿಡದಿದ್ದ ಹೆಣ್ಣುಮಕ್ಕಳು ಈಗ ಎಲ್ಲರಿಗಿಂತ ಹೆಚ್ಚು ಮಾತಾಡ್ತಿದಾರೆ.

ತೀರ್ಥಹಳ್ಳಿ, ಸೊರಬ, ಸಾಗರ, ಹೊಸನಗರದ ವಕೀಲ ಮಿತ್ರರಲ್ಲಿ ಕೇಳೋದಿಷ್ಟು. ಅರಣ್ಯ ಹಕ್ಕು ಅರ್ಜಿ ತಿರಸ್ಕಾರದ ಹಿಂಬರಹ ನಿಮ್ಮ ಆಫೀಸಲ್ಲಿದ್ರೆ ಕಕ್ಷಿದಾರರನ್ನ ಕೇಳಿ ಒಪ್ಪಿಗೆ ತಗೊಂಡು, ಹೆಸರು ಸರ್ವೆ ನಂಬರ್ ಮುಚ್ಚಿ ಕಳಿಸಿ. ಎರಡೂ ಬದಿ ಫೋಟೋ ತೆಗೀರಿ, ಅವರ ಕೈಗೆ ಮುಟ್ಟಿದ ದಿನಾಂಕ ಬೇರೆಯಾಗಿ ಬರೀರಿ, ಮೇಲಿನ ಸಮಿತಿಗೆ ಹೋಗೋಕೆ ಇರೋದು 60 ದಿನ, ಎಷ್ಟೋ ಕಡೆ ಆ ಹಾಳೆ ಮನೆಗೆ ಬರೋ ಹೊತ್ತಿಗೇ ಅವಧಿ ಮುಗಿದಿರುತ್ತೆ, ಆ ದಿನಾಂಕಗಳನ್ನೇ ಮೊದಲು ಪಟ್ಟಿ ಮಾಡ್ತಾ ಇದೀವಿ.