ಕಾಕಾನ ಎದೆಯ ವಾಲ್ವು ಮತ್ತು ನಮ್ಮ ‘ವಯಸ್ಸಾತು ಬಿಡ್ರಿ’

ನಮ್ಮ ಕಡೆ ಎಪ್ಪತ್ತೈದು ದಾಟಿದವರಿಗೆ ಏನೇ ಆದರೂ ಕಾರಣ ಒಂದೇ. ನಾಲ್ಕು ಹೆಜ್ಜೆಗೆ ಉಸಿರು ಹತ್ತಿದರೆ ವಯಸ್ಸು. ಕಣ್ಣಿಗೆ ಕತ್ತಲೆ ಬಂದು ಕಟ್ಟೆ ಮೇಲೆ ಕುಸಿದರೆ ವಯಸ್ಸು. ಎದೆ ಹಿಡಿದಂತಾದರೆ ಮೊದಲು ಗ್ಯಾಸು, ಗುಳಿಗೆಗೆ ಬಗ್ಗದಿದ್ದರೆ ಮತ್ತೆ ವಯಸ್ಸು. ಇವು ಹೃದಯದ ಅಯೋರ್ಟಿಕ್ ವಾಲ್ವ್ ಎಂಬ ಕವಾಟ ಕಿರಿದಾದಾಗ ಕಾಣಿಸುವ ಮುಖ್ಯ ಲಕ್ಷಣಗಳು. ಇವು ಶುರುವಾದ ಮೇಲೂ ವಾಲ್ವ್ ಬದಲಿಸದೆ ಬಿಟ್ಟರೆ ಬಹಳ ಜನ ಎರಡು ಮೂರು ವರ್ಷ ದಾಟುವುದಿಲ್ಲ. ಅದನ್ನು ನಾವು ‘ವಯಸ್ಸಾಗಿ ಹೋದರು’ ಅಂತ ಬರೆದು ಮುಗಿಸುತ್ತೇವೆ.

ಜಮಖಂಡಿ ಕಡೆಯ ನಮ್ಮ ಕಾಕಾ ಯುಗಾದಿ ಬಂದರೆ ಕಂಬಿ ಜೊತೆ ಶ್ರೀಶೈಲಕ್ಕೆ ನಡೆದೇ ಹೋಗುವವರು. ಒಂದು ವರ್ಷ ಅರ್ಧ ದಾರಿಯಲ್ಲಿ ಟೆಂಪೋ ಹತ್ತಿ ವಾಪಸ್ ಬಂದರು. ಮರುವರ್ಷ ಹೊರಡಲೇ ಇಲ್ಲ. ಮನೆಯವರಿಗೆ ಇದು ವಿಚಿತ್ರ ಅನ್ನಿಸಲಿಲ್ಲ, ಎಪ್ಪತ್ತೊಂಬತ್ತು ಆಗಿತ್ತಲ್ಲ. ತೋರಿಸಿದ ಕ್ಲಿನಿಕ್ಕಿನಲ್ಲಿ ಬಿಪಿ ನೋಡಿದರು, ಶುಗರ್ ನೋಡಿದರು, ಶಕ್ತಿಗೆ ಸಲೈನ್ ಏರಿಸಿದರು. ಎದೆಗೆ ಸ್ಟೆತಸ್ಕೋಪ್ ಇಟ್ಟು ನಿಧಾನಕ್ಕೆ ಯಾರೂ ಕೇಳಲಿಲ್ಲ. ಕೊನೆಗೆ ಕಣ್ಣಿನ ಪೊರೆ ಆಪರೇಷನ್‌ಗೆ ಅಂತ ಹೋದಾಗ ಅಲ್ಲಿದ್ದ ಒಬ್ಬ ಹುಡುಗ ಡಾಕ್ಟರು, “ಅಜ್ಜಾರ, ಎದಿಯೊಳಗ ಶಬ್ದ ಐತ್ರಿ, ಮೊದ್ಲ ಎಕೋ ಮಾಡಿಸ್ಕೊಂಡ ಬರ್ರಿ” ಅಂದ. ಎಕೋ ಅಂದರೆ ಹೃದಯದ ಸ್ಕ್ಯಾನ್. ಆ ಹುಡುಗನಿಗೆ ನಮ್ಮ ಮನೆತನ ಋಣಿ.

ಏನಾಗಿರುತ್ತದೆ ಅಂತ ಸರಳವಾಗಿ ಹೇಳುತ್ತೇನೆ. ಹೃದಯದ ಎಡ ಕೆಳಗಿನ ಕೋಣೆಯಿಂದ ಮೈಗೆಲ್ಲ ರಕ್ತ ಹೊರಡುವ ಬಾಯಿಯಲ್ಲಿ ಮೂರು ಎಸಳಿನ ಒಂದು ಕವಾಟ ಇದೆ, ಅದೇ ಅಯೋರ್ಟಿಕ್ ವಾಲ್ವ್. ವಯಸ್ಸಾದಂತೆ ಕೆಲವರಲ್ಲಿ ಅದರ ಮೇಲೆ ಕ್ಯಾಲ್ಸಿಯಂ ಕೂಡುತ್ತದೆ. ಬಾಗಲಕೋಟೆ, ವಿಜಯಪುರದ ಬೋರಿನ ನೀರು ಕುಡಿದವರಿಗೆ ಇದನ್ನು ವಿವರಿಸಬೇಕಿಲ್ಲ. ಪೈಪಿನೊಳಗೆ ಬಿಳಿ ಉಪ್ಪು ಗಟ್ಟಿಯಾಗಿ ಹತ್ತಿಕೊಂಡು ತೂತು ಸಣ್ಣದಾಗುತ್ತದಲ್ಲ, ಹಾಗೆ. ಸರಿಯಿದ್ದಾಗ ಈ ಬಾಯಿ 3 ರಿಂದ 4 ಚದರ ಸೆಂಟಿಮೀಟರ್ ತೆರೆಯುತ್ತದೆ. 1ಕ್ಕಿಂತ ಕಡಿಮೆಯಾದರೆ ತೀವ್ರ ಅನ್ನುತ್ತಾರೆ. ಕಾಕಾನದು 0.6 ಇತ್ತು. ಇದನ್ನು ಕರಗಿಸುವ ಗುಳಿಗೆ ಇಲ್ಲ. ಆಯುರ್ವೇದದಲ್ಲೂ ಇಲ್ಲ, ವಾಟ್ಸಾಪ್‌ನಲ್ಲಿ ಬರುವ ಬೆಳ್ಳುಳ್ಳಿ ಕಷಾಯದಲ್ಲೂ ಇಲ್ಲ. ವಾಲ್ವ್ ಬದಲಿಸುವುದೊಂದೇ ದಾರಿ.

ಮೊದಲು ಬದಲಿಸುವುದೆಂದರೆ ಎದೆಯ ಮೂಳೆ ಸೀಳಿ, ಹೃದಯ ನಿಲ್ಲಿಸಿ, ರಕ್ತವನ್ನು ಮೆಷಿನ್ನಿಗೆ ಕೊಟ್ಟು ಮಾಡುವ ದೊಡ್ಡ ಆಪರೇಷನ್. ಎಂಬತ್ತರ ದೇಹಕ್ಕೆ ಇದು ಕಷ್ಟ ಅಂತ ಎಷ್ಟೋ ಜನರನ್ನು ಡಾಕ್ಟರುಗಳೇ ವಾಪಸ್ ಕಳಿಸುತ್ತಿದ್ದರು. ಅಂಥವರಿಗಾಗಿಯೇ ಹುಟ್ಟಿದ್ದು ಟಾವಿ (TAVI), ಅಂದರೆ ಎದೆ ಸೀಳದೆ ರಕ್ತನಾಳದ ಮೂಲಕ ಕೊಳವೆ ತೂರಿಸಿ ವಾಲ್ವ್ ಕೂರಿಸುವುದು.

ಇದರ ಹಿಂದಿನ ಕಥೆ ನನಗೆ ಬಹಳ ಇಷ್ಟ. 1989ರಲ್ಲಿ ಡೆನ್ಮಾರ್ಕಿನ ಹೆನ್ನಿಂಗ್ ಆಂಡರ್ಸನ್ ಎಂಬ ಯುವ ಡಾಕ್ಟರು ಅಂಗಡಿಯಿಂದ ಲೋಹದ ತಂತಿ ತಂದು, ಬಗ್ಗಿಸಿ, ಅದರೊಳಗೆ ಹಂದಿಯ ವಾಲ್ವ್ ಹೊಲಿದು, ಬಲೂನಿನ ಮೇಲೆ ಮಡಚಿ, ಹಂದಿಗಳಿಗೇ ಹಾಕಿ ನೋಡಿದರು. ಆಗ ಯಾರೂ ಅಷ್ಟಾಗಿ ಕಿವಿಗೊಡಲಿಲ್ಲ. ಫ್ರಾನ್ಸಿನ ರೂವಾನಿನಲ್ಲಿ ಅಲೇನ್ ಕ್ರಿಬಿಯೆ ಎಂಬ ಹೃದಯದ ಡಾಕ್ಟರು 1985ರಲ್ಲೇ ಗಟ್ಟಿಯಾದ ವಾಲ್ವನ್ನು ಬಲೂನಿನಿಂದ ಹಿಗ್ಗಿಸಿದ್ದರು. ಹಿಗ್ಗಿಸಿದ್ದು ಕೆಲವು ತಿಂಗಳಲ್ಲೇ ಮತ್ತೆ ಬಿಗಿಯುತ್ತಿತ್ತು. ಕೊನೆಗೆ 2002ರ ಏಪ್ರಿಲ್ 16ರಂದು 57 ವರ್ಷದ ಒಬ್ಬ ರೋಗಿಗೆ ಅವರು ಎದೆ ತೆರೆಯದೆ ಹೊಸ ವಾಲ್ವ್ ಕೂರಿಸಿದರು. ಸರ್ಜನ್ನರು ಆಗಲ್ಲ ಅಂದಿದ್ದ ರೋಗಿ ಅವರು. ಇಪ್ಪತ್ತು ಚಿಲ್ಲರೆ ವರ್ಷದಲ್ಲಿ ಅದು ಪ್ರಪಂಚದ ತುಂಬ ದಿನನಿತ್ಯದ ಕೆಲಸ ಆಗಿಬಿಟ್ಟಿದೆ. ಕ್ರಿಬಿಯೆ 2024ರಲ್ಲಿ ತೀರಿಕೊಂಡರು. ನಮ್ಮ ಪತ್ರಿಕೆಗಳಲ್ಲಿ ಅವರಿಗೆ ನಾಲ್ಕು ಸಾಲು ಸಿಕ್ಕಿದ್ದೂ ನನಗೆ ಕಾಣಲಿಲ್ಲ.

ಮಾಡುವ ರೀತಿ ಹೀಗೆ. ತೊಡೆಸಂದಿಯ ರಕ್ತನಾಳದಿಂದ ಒಂದು ಕೊಳವೆ ಒಳಗೆ ಹೋಗುತ್ತದೆ. ಅದರ ತುದಿಯಲ್ಲಿ ಮಡಚಿದ ಹೊಸ ವಾಲ್ವ್. ಕೆಲವು ವಾಲ್ವುಗಳನ್ನು ಬಲೂನ್ ಉಬ್ಬಿಸಿ ಕೂರಿಸುತ್ತಾರೆ, ಕೆಲವು ಬಿಟ್ಟ ತಕ್ಷಣ ತಾವೇ ಅರಳುತ್ತವೆ. ಬಲೂನ್ ಉಬ್ಬಿಸುವ ಆ ಗಳಿಗೆಯಲ್ಲಿ ಹೃದಯವನ್ನು ಬೇಕೆಂದೇ ನಿಮಿಷಕ್ಕೆ 180ರಿಂದ 200 ಸಲ ಬಡಿಸುತ್ತಾರೆ. ಅಷ್ಟು ಜೋರಾಗಿ ಬಡಿದರೆ ರಕ್ತ ಹೊರಗೆ ಹೋಗುವುದು ಹೆಚ್ಚುಕಡಿಮೆ ನಿಂತೇಹೋಗುತ್ತದೆ, ವಾಲ್ವ್ ಜಾರುವುದಿಲ್ಲ. ಹಳೆಯ ವಾಲ್ವನ್ನು ತೆಗೆಯುವುದಿಲ್ಲ. ಹೊಸದು ಅದನ್ನು ಗೋಡೆಗೆ ಒತ್ತಿ ಅದರೊಳಗೇ ಕೂರುತ್ತದೆ. ಬಹಳ ರೋಗಿಗಳಿಗೆ ಪೂರ್ತಿ ಅರಿವಳಿಕೆಯೂ ಬೇಕಾಗುವುದಿಲ್ಲ. ಎಲ್ಲ ಸರಿಹೋದರೆ ಮರುದಿನ ಎದ್ದು ಓಡಾಡುತ್ತಾರೆ.

ಈಗ ನಮ್ಮ ಮನೆಯಲ್ಲಿ ಜಗಳ ಹತ್ತಿದ ವಿಷಯಕ್ಕೆ ಬರುತ್ತೇನೆ. ವಾಲ್ವಿನ ಎಸಳುಗಳನ್ನು ಮಾಡುವುದು ದನದ ಅಥವಾ ಹಂದಿಯ ಹೃದಯದ ಸುತ್ತಲಿನ ತೆಳು ಪೊರೆಯಿಂದ. ಇದನ್ನು ಮೊದಲೇ ಯಾರೂ ಹೇಳಿರಲಿಲ್ಲ, ಅಣ್ಣನ ಮಗ ಮೊಬೈಲಿನಲ್ಲಿ ಓದಿ ಹೇಳಿದ. ಕಾಕಾ ದಿನಾ ಲಿಂಗಪೂಜೆ ಮಾಡುವವರು, ಮೊಟ್ಟೆ ಹಾಕಿದ ಕೇಕನ್ನೂ ಮುಟ್ಟುವವರಲ್ಲ. ಕಾಕು ಅಳಲು ಶುರು ಮಾಡಿದರು. ಒಬ್ಬ ಮಗ ಮಠಕ್ಕೆ ಹೋಗಿ ಕೇಳಿ ಬರೋಣ ಅಂದ. ಇನ್ನೊಬ್ಬ ಹೇಳೋದೇ ಬೇಡ, ಸುಮ್ನೆ ಹಾಕಿಸಿಬಿಡೋಣ ಅಂದ. ಅದು ಮಾತ್ರ ಸರಿಯಲ್ಲ ಅಂತ ನಾನು ಜಗಳ ಮಾಡಿದೆ. ಎದೆ ಅವರದು, ಗೊತ್ತಿರಬೇಕು ಅಲ್ವಾ? ಕೊನೆಗೆ ಹೇಳಿದೆವು. ಕಾಕಾ ಸ್ವಲ್ಪ ಹೊತ್ತು ತಂಬಾಕು ತಿಕ್ಕುತ್ತ ಕೂತರು. ಆಮೇಲೆ, “ಎತ್ತಿನ ಜೋಡಿ ಅರವತ್ ವರ್ಷ ದುಡದೀನಿ. ಒಂದ್ ಎದಿಯೊಳಗ ಬಂದ್ ದುಡೀಲಿ ಬಿಡ್ರಿ” ಅಂದರು. ಎಲ್ಲರೂ ಇಷ್ಟು ಹಗುರವಾಗಿ ತಗೊಳ್ಳಲಿಕ್ಕಿಲ್ಲ. ಅದಕ್ಕೇ ಡಾಕ್ಟರುಗಳು ಮೊದಲ ಭೇಟಿಯಲ್ಲೇ ಇದನ್ನು ಬಾಯಿ ಬಿಟ್ಟು ಹೇಳಬೇಕು. ನಮ್ಮ ಭಾಗದಲ್ಲಿ ಇದು ಸಣ್ಣ ವಿಷಯ ಅಲ್ಲ.

ಆಸ್ಪತ್ರೆಯವರು ಇನ್ನೊಂದನ್ನೂ ಸರಿಯಾಗಿ ಹೇಳಲಿಲ್ಲ. ವಾಲ್ವ್ ಕೂರುವ ಜಾಗದ ಪಕ್ಕದಲ್ಲೇ ಹೃದಯದ ಕರೆಂಟ್ ಹರಿಯುವ ದಾರಿ ಇದೆ. ಅದಕ್ಕೆ ಒತ್ತಡ ಬಿದ್ದರೆ ಬಡಿತ ನಿಧಾನವಾಗುತ್ತದೆ, ಪೇಸ್‌ಮೇಕರ್ ಬೇಕಾಗುತ್ತದೆ. ಇದು ಅಪರೂಪ ಏನಲ್ಲ. ಕಾಕಾನಿಗೂ ಹಾಕಬೇಕಾಯ್ತು. “ಒಂದಕ್ಕ ಬಂದ್ರ ಎರಡ್ ಹಾಕ್ತಾರ ನೋಡ್” ಅಂತ ಸಂಬಂಧಿಕರೆಲ್ಲ ಆಸ್ಪತ್ರೆಯವರ ಮೇಲೆ ಎಗರಿದರು. ಮೋಸ ಏನೂ ಆಗಿರಲಿಲ್ಲ. ಸಹಿ ಹಾಕಿಸಿಕೊಂಡ ಕಾಗದದಲ್ಲಿ ಅದು ಇಂಗ್ಲಿಷಿನಲ್ಲಿ ಇತ್ತು, ಕನ್ನಡದಲ್ಲಿ ಎರಡು ಮಾತು ಆಡಿದ್ದರೆ ಈ ಗಲಾಟೆ ಇರುತ್ತಿರಲಿಲ್ಲ. ಪಾರ್ಶ್ವವಾಯು, ತೊಡೆಯ ರಕ್ತನಾಳಕ್ಕೆ ಪೆಟ್ಟು, ವಾಲ್ವಿನ ಅಂಚಿನಿಂದ ಸೋರಿಕೆ, ಇವೂ ಕೆಲವರಿಗೆ ಆಗುತ್ತವೆ.

ಹಾಗಾದರೆ ಇದು ಬೇಕಾ? ಎಂಬತ್ತರ ಸುತ್ತಲಿನವರಿಗೆ ಬೇಕು ಅಂತಲೇ ನನ್ನ ಮಾತು. 2010ರ ಪಾರ್ಟ್ನರ್ ಅಧ್ಯಯನದಲ್ಲಿ ತೆರೆದ ಆಪರೇಷನ್ ಸಾಧ್ಯವೇ ಇಲ್ಲ ಅಂದವರನ್ನು ತಗೊಂಡಿದ್ದರು. ಹಳೆಯ ರೀತಿಯ ಆರೈಕೆ ಪಡೆದವರಲ್ಲಿ ವರ್ಷದೊಳಗೆ 100ಕ್ಕೆ 51 ಜನ ತೀರಿಕೊಂಡರು. ಟಾವಿ ಆದವರಲ್ಲಿ 31. ಇಷ್ಟು ದೊಡ್ಡ ವ್ಯತ್ಯಾಸ ಹೃದಯದ ಚಿಕಿತ್ಸೆಯಲ್ಲಿ ಸುಲಭಕ್ಕೆ ಕಾಣಸಿಗುವುದಿಲ್ಲ.

ಆದರೆ ‘ಕೊಯ್ಯೋದಿಲ್ಲ’ ಅನ್ನುವ ಒಂದೇ ಆಸೆಗೆ ನಲವತ್ತೈದರವರೂ ಇದನ್ನೇ ಕೇಳುವುದು ನನಗೆ ಒಪ್ಪಿಗೆಯಿಲ್ಲ. ಪ್ರಾಣಿಯ ಪೊರೆಯ ವಾಲ್ವ್ ವರ್ಷಗಳಲ್ಲಿ ಸವೆಯುತ್ತದೆ. ಅಮೆರಿಕದ 2020ರ ಮಾರ್ಗಸೂಚಿ 65ರ ಒಳಗಿನವರಿಗೆ ತೆರೆದ ಆಪರೇಷನ್, 80 ದಾಟಿದವರಿಗೆ ಟಾವಿ, ನಡುವಿನವರು ಡಾಕ್ಟರ ಜೊತೆ ಕೂತು ತೀರ್ಮಾನಿಸಲಿ ಅನ್ನುತ್ತದೆ. ನಮ್ಮಲ್ಲಿ ಚಿಕ್ಕ ವಯಸ್ಸಿನ ಹೆಣ್ಣುಮಕ್ಕಳಿಗೆ ಬರುವ ವಾಲ್ವ್ ತೊಂದರೆಯೇ ಬೇರೆ. ಸಣ್ಣವರಿದ್ದಾಗ ಗಂಟಲು ನೋವು, ಜ್ವರ, ಕೀಲು ಬಾವು ಬಂದು ಹೋಗಿ, ವರ್ಷಗಳ ಮೇಲೆ ಹೃದಯದ ಎಡಗಡೆಯ ಎರಡು ಕೋಣೆಗಳ ನಡುವಿನ ಮೈಟ್ರಲ್ ವಾಲ್ವ್ ಅಂಟಿಕೊಳ್ಳುವ ರುಮ್ಯಾಟಿಕ್ ಕಾಯಿಲೆ. ಅದಕ್ಕೆ ಬಲೂನ್ ಚಿಕಿತ್ಸೆ ಬೇರೆ ಇದೆ, ಜಪಾನಿನ ಇನೌಯೆ ಕಂಡುಹಿಡಿದದ್ದು. ಆ ಜ್ವರ ಮತ್ತೆ ಬರದಿರಲಿ ಅಂತ ಮೂರು ವಾರಕ್ಕೊಮ್ಮೆ ಕೊಡುವ ಪೆನ್ಸಿಲಿನ್ ಇಂಜೆಕ್ಷನ್ ತಪ್ಪಿಸಬಾರದು. ರೀಲ್ಸ್ ನೋಡಿ ಅವರನ್ನೂ ಟಾವಿಗೆ ಕರೆದುಕೊಂಡು ಓಡಬೇಡಿ.

ಉಳಿದದ್ದು ದುಡ್ಡು. ನಿಜ ಹೇಳಬೇಕೆಂದರೆ ಮೊದಲು ಬರಬೇಕಾದ ಮಾತೇ ಇದು. ಹದಿನೈದು ಲಕ್ಷ, ಇಪ್ಪತ್ತು ಲಕ್ಷ ಅನ್ನುತ್ತಾರೆ, ಅದರಲ್ಲಿ ಹೆಚ್ಚಿನದು ವಾಲ್ವಿನದೇ ರೇಟು. ಆಯುಷ್ಮಾನ್ ಕಾರ್ಡಿನ ಮಿತಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ. ಕಾಕಾನ ಮಕ್ಕಳು ಕಬ್ಬಿನ ಬಿಲ್ಲು ಸೇರಿಸಿದರು, ಸೊಸೈಟಿಯಲ್ಲಿ ಸಾಲ ಮಾಡಿದರು, ಸಾಲದೆ ಬಂದಾಗ ಒಂದು ಎಕರೆ ಕೊಟ್ಟರು. “ಎಂಬತ್ತರ ಮುದುಕಗ ಹೊಲ ಮಾರ್ತಾರೇನ?” ಅಂತ ಊರಲ್ಲಿ ಕೇಳಿದವರಿದ್ದಾರೆ. ಆ ಹೊಲ ಮಾಡಿದ್ದೇ ಆ ಮುದುಕ ಅನ್ನುವುದು ಕೇಳಿದವರಿಗೆ ನೆನಪಿರಲಿಲ್ಲ. ಆದರೂ ಎಕರೆ ಇಲ್ಲದ ಮನೆಯವರು ಏನು ಮಾರಬೇಕು?

2017ರ ಫೆಬ್ರುವರಿಯಲ್ಲಿ ಕೇಂದ್ರ ಸರ್ಕಾರ ಹೃದಯದ ಸ್ಟೆಂಟ್‌ಗಳಿಗೆ ಬೆಲೆ ಮಿತಿ ಹಾಕಿತು. ಔಷಧ ಲೇಪಿತ ಸ್ಟೆಂಟ್ 30 ಸಾವಿರದ ಒಳಗೆ ಬಂತು. ಅದೇ ವರ್ಷ ಮಂಡಿಯ ಇಂಪ್ಲಾಂಟಿಗೂ ಮಿತಿ ಬಂತು. ಕಂಪನಿಗಳು ಹೋಗಿಬಿಡುತ್ತವೆ ಅಂತ ಹೆದರಿಸಿದವರಿದ್ದರು, ಸ್ಟೆಂಟ್ ಈಗಲೂ ಸಿಗುತ್ತಿದೆ. ವಾಲ್ವಿಗೆ ಯಾಕೆ ಆಗಬಾರದು? ಗುಜರಾತಿನ ವಾಪಿಯಲ್ಲಿ ಮೆರಿಲ್ ಕಂಪನಿ ಮಾಡುವ ಮೈವಾಲ್ ವಾಲ್ವಿಗೆ 2018ರಲ್ಲೇ ಅನುಮತಿ ಸಿಕ್ಕಿದೆ. 2024ರ ಲ್ಯಾಂಡ್‌ಮಾರ್ಕ್ ಅಧ್ಯಯನದಲ್ಲಿ 768 ರೋಗಿಗಳ ಮೇಲೆ ಹೋಲಿಸಿ ನೋಡಿದಾಗ, ಮೊದಲ 30 ದಿನದ ಫಲಿತಾಂಶದಲ್ಲಿ ಅದು ವಿದೇಶಿ ವಾಲ್ವುಗಳಿಗೆ ಕಡಿಮೆಯಿಲ್ಲ ಅಂತ ಗೊತ್ತಾಯ್ತು. ಇಲ್ಲೇ ತಯಾರಾಗುವ ವಸ್ತುವಿಗೆ ಇಲ್ಲಿಯವರು ಹೊಲ ಮಾರಬೇಕಾದ ಸ್ಥಿತಿ ಇರಬಾರದು. ನಮ್ಮ ಬೆಳಗಾವಿ, ಬಾಗಲಕೋಟೆ, ವಿಜಯಪುರದ ಸಂಸದರು ರೈಲಿನ ಬಗ್ಗೆ ಕೇಳುವಷ್ಟೇ ಜೋರಾಗಿ ಇದನ್ನೂ ಕೇಳಲಿ.

ಎಕೋಗೆ ಅಷ್ಟು ಖರ್ಚಿಲ್ಲ, ಅದಕ್ಕಾಗಿ ಮಿರಜ್, ಸೊಲ್ಲಾಪುರ ಅಂತ ಓಡಬೇಕಾಗಿಯೂ ಇಲ್ಲ, ಜಿಲ್ಲಾ ಕೇಂದ್ರದಲ್ಲೇ ಆಗುತ್ತದೆ. ಮನೆಯಲ್ಲಿ ಯಾರಾದರೂ ಅಜ್ಜ ಅಜ್ಜಿ ಇತ್ತೀಚೆಗೆ ನಡೆಯುವುದು ಕಡಿಮೆ ಮಾಡಿದ್ದರೆ ಮಾಡಿಸಿ. ರಿಪೋರ್ಟ್ ನನ್ನ ಇನ್‌ಬಾಕ್ಸ್‌ಗೆ ಕಳಿಸಬೇಡಿ, ನಾನು ಡಾಕ್ಟರ್ ಅಲ್ಲ. ಹೃದಯದ ಡಾಕ್ಟರ ಮುಂದೆ ಇಟ್ಟು, ‘ವಾಲ್ವ್ ಎಷ್ಟು ತೆರೀತೈತ್ರಿ?’ ಅಂತ ಕೇಳಿ. ಅವರು ನಂಬರ್ ಹೇಳುವವರೆಗೂ ಕುರ್ಚಿಯಿಂದ ಏಳಬೇಡಿ.